ಥೈರಾಯ್ಡ್ ವ್ಯತ್ಯಯಗಳು ಮತ್ತು ಸ್ಪರ್ಧಾ ಓಟಗಾರರು: ಅಹಮದಾಬಾದ್, ವಡೋದರ, ಸೂರತ್

ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ಒರಗಿಕೊಂಡಿರುವ ಥೈರಾಯ್ಡ್ ಗ್ರಂಥಿ ಅಯೋಡಿನ್ ಬಳಸಿ ಟಿ4, ಟಿ3 ಎಂಬ ಎರಡು ಹಾರ್ಮೋನುಗಳನ್ನು ತಯಾರಿಸುತ್ತದೆ. ಟಿ4 ಹೆಚ್ಚುಕಡಿಮೆ ದಾಸ್ತಾನು. ಅಂಗಾಂಶಗಳಲ್ಲಿ ಅದು ಟಿ3 ಆಗಿ ಮಾರ್ಪಟ್ಟ ಮೇಲೆಯೇ ಕೆಲಸ ನಡೆಯುವುದು. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನಿನ ಮೂಲಕ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುತ್ತದೆ. ಥೈರಾಯ್ಡ್ ಸೋತಾಗ ಟಿಎಸ್‌ಎಚ್ ಏರುತ್ತದೆ, ಮಿತಿಮೀರಿದಾಗ ತಳ ಹಿಡಿಯುತ್ತದೆ. ಸೋಲು ಹೈಪೋಥೈರಾಯ್ಡಿಸಂ, ಅತಿರೇಕ ಹೈಪರ್‌ಥೈರಾಯ್ಡಿಸಂ. ಹೃದಯದ ಬಡಿತ, ಸ್ನಾಯುಗಳ ಸಂಕೋಚನ, ಮೈಯ ಶಾಖ, ಕೊಬ್ಬು ಕರಗುವ ವೇಗ ಎಲ್ಲವೂ ಈ ಹಾರ್ಮೋನುಗಳ ಹಿಡಿತದಲ್ಲಿರುವುದರಿಂದ, ಸೆಕೆಂಡುಗಳ ಲೆಕ್ಕದಲ್ಲಿ ಬದುಕುವ ಓಟಗಾರರಿಗೆ ಇದರ ಏರುಪೇರು ಬೇರೆಯವರಿಗಿಂತ ಮೊದಲೇ ಗೊತ್ತಾಗುತ್ತದೆ. ಸಮಸ್ಯೆ ಇರುವುದೂ ಅಲ್ಲೇ. ದಣಿವು, ಭಾರವಾದ ಕಾಲು, ನಿಧಾನವಾದ ಚೇತರಿಕೆ, ತಪ್ಪಿದ ಮುಟ್ಟು ಇವು ಥೈರಾಯ್ಡ್ ಕಾಯಿಲೆಯ ಲಕ್ಷಣಗಳೂ ಹೌದು, ಹೊಟ್ಟೆಗೆ ಸಾಲದೆ ಓಡುವ ದೇಹದ ಲಕ್ಷಣಗಳೂ ಹೌದು. ಓಟಗಾರರ ಮಟ್ಟಿಗೆ ಚಿಕಿತ್ಸೆ ಯಾವುದು ಎಂಬುದು ಎರಡನೆಯ ಪ್ರಶ್ನೆ. ಗ್ರಂಥಿ ಕೆಟ್ಟಿದೆಯೋ, ಇಲ್ಲವೇ ಇಂಧನ ಸಾಲದ ದೇಹ ತಾನಾಗಿ ಖರ್ಚು ಇಳಿಸಿಕೊಂಡಿದೆಯೋ ಎಂಬುದು ಮೊದಲನೆಯದು. ಗುಜರಾತಿನ ಮೂರು ದೊಡ್ಡ ನಗರಗಳಲ್ಲಿ ಊಟ, ಉಪವಾಸ, ಉಪ್ಪು ಮತ್ತು ಬಿಸಿಲು ಈ ಮೊದಲ ಪ್ರಶ್ನೆಯನ್ನು ಇನ್ನಷ್ಟು ಜಟಿಲಗೊಳಿಸುತ್ತವೆ.

ಕಾಯಿಲೆ ಅಪರೂಪದ್ದಲ್ಲ. ಭಾರತದ ಎಂಟು ನಗರಗಳ 5,376 ವಯಸ್ಕರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಅಹಮದಾಬಾದೂ ಇತ್ತು, ಬೆಂಗಳೂರೂ ಇತ್ತು. ಸಮೀಕ್ಷೆಗೆ ಒಳಗಾದವರಲ್ಲಿ ಶೇ. 10.95 ಮಂದಿಗೆ ಹೈಪೋಥೈರಾಯ್ಡಿಸಂ ಇತ್ತು, ಶೇ. 3.47 ಮಂದಿಗೆ ಅದು ಇರುವುದೇ ಅದುವರೆಗೆ ಗೊತ್ತಿರಲಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಮುಂಬಯಿ, ಗೋವಾ, ಚೆನ್ನೈಗಳಂಥ ಕರಾವಳಿ ನಗರಗಳಿಗಿಂತ ಅಹಮದಾಬಾದ್, ದೆಹಲಿ, ಕೋಲ್ಕತ್ತ, ಬೆಂಗಳೂರು, ಹೈದರಾಬಾದ್ ಸೇರಿದ ಒಳನಾಡಿನ ಗುಂಪಿನಲ್ಲಿ ಪ್ರಮಾಣ ಸ್ವಲ್ಪ ಜಾಸ್ತಿ ಕಂಡಿತು. ಇತ್ತ ಓಡುವವರ ಸಂಖ್ಯೆಯೂ ಬೆಳೆದಿದೆ. 2017ರಲ್ಲಿ ಅಹಮದಾಬಾದ್ ಮ್ಯಾರಥಾನ್ ಶುರುವಾಯಿತು; ಸಬರಮತಿ ರಿವರ್‌ಫ್ರಂಟ್ ಬೆಳಗಿನ ಜಾವದ ಅಭ್ಯಾಸದ ಅಂಗಳ. ವಡೋದರ ಮತ್ತು ಸೂರತ್‌ಗಳಿಗೂ ತಮ್ಮದೇ ಮ್ಯಾರಥಾನ್‌ಗಳಿವೆ. 2022ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಗುಜರಾತಿನ ಆರು ನಗರಗಳಲ್ಲಿ ಈ ಮೂರೂ ಸೇರಿದ್ದವು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಬರಲಿದೆ. ಹತ್ತರಲ್ಲಿ ಒಬ್ಬರಿಗೆ ಇರುವ ಕಾಯಿಲೆ ಓಟಗಾರರನ್ನು ಬಿಟ್ಟೀತೆಂದು ನಂಬಲು ಕಾರಣವಿಲ್ಲ. ಹಾಗೆಂದು ದಣಿದ ಓಟಗಾರರನ್ನೆಲ್ಲ ಆ ಹತ್ತನೆಯವರೆಂದು ಎಣಿಸುವುದಕ್ಕೂ ಈ ಅಂಕಿ ಆಧಾರವಾಗದು.

ಗುಜರಾತಿನಲ್ಲಿ ಥೈರಾಯ್ಡಿನ ಕಥೆ ಉಪ್ಪಿನಿಂದ ಶುರುವಾಗಬೇಕು. ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿನಷ್ಟು ಬರುವುದು ಇದೇ ರಾಜ್ಯದ ಕರಾವಳಿ ಮತ್ತು ಕಛ್‌ನ ರಣಪ್ರದೇಶದಿಂದ. ಆದರೂ 2000ದ ಆಸುಪಾಸಿನಲ್ಲಿ ವಡೋದರ ಮತ್ತು ಡಾಂಗ್ ಜಿಲ್ಲೆಗಳ ಮಕ್ಕಳನ್ನು ಪರೀಕ್ಷಿಸಿದ ಸಂಶೋಧಕರಿಗೆ ಅಯೋಡಿನ್ ಕೊರತೆಯ ಗುರುತುಗಳು ಸಿಕ್ಕವು. ಉಪ್ಪಿನ ರಾಜ್ಯದಲ್ಲಿ ಗಳಗಂಡವೇ ಎಂದು ಅಚ್ಚರಿಪಡುವುದು ಬೇಡ: ಸಮುದ್ರದ ನೀರು ಆವಿಯಾಗಿ ಉಳಿಯುವ ಉಪ್ಪಿನಲ್ಲಿ ತಾನಾಗಿ ಇರುವ ಅಯೋಡಿನ್ ಅತ್ಯಲ್ಪ, ಅದನ್ನು ಹೊರಗಿನಿಂದ ಬೆರೆಸಬೇಕು. ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1950ರ ದಶಕದಲ್ಲಿ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಶುರುಮಾಡಿದ ಪ್ರಯೋಗ, ಹೀಗೆ ಬೆರೆಸಿದ ಉಪ್ಪು ಗಳಗಂಡವನ್ನು ತಗ್ಗಿಸುತ್ತದೆಂದು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿತ್ತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಅಯೋಡಿನ್ ಬೆರೆಸದ ಉಪ್ಪಿನ ಮೇಲಿದ್ದ ನಿಷೇಧವನ್ನು ಕೇಂದ್ರ ಸರ್ಕಾರ 2000ದಲ್ಲಿ ಹಿಂತೆಗೆದುಕೊಂಡು, 2006ರ ಮೇ ತಿಂಗಳಲ್ಲಿ ಮತ್ತೆ ಜಾರಿಗೆ ತಂದಿತು. ಬಳಕೆದಾರರ ಕೈಸೇರುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕೆಂಬುದು ನಿಯಮ. ಸೂರತ್‌ಗೆ ಆಗ್ನೇಯದಲ್ಲಿರುವ ಡಾಂಗ್ ಗುಡ್ಡಗಾಡಿನ ಹೆಸರು ಈಗ ಓಟದ ಪುಟಗಳಲ್ಲಿ ಕಾಣುವುದು ಬೇರೆಯೇ ಕಾರಣಕ್ಕೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಎಂ.ಆರ್. ಪೂವಮ್ಮ ಅವರೊಡನೆ 4x400 ಮೀಟರ್ ರಿಲೇ ಚಿನ್ನ ಗೆದ್ದ ಸರಿತಾ ಗಾಯಕವಾಡ್, 2019ರ ಏಷ್ಯನ್ ಅಥ್ಲೆಟಿಕ್ಸ್‌ನ 10,000 ಮೀಟರ್‌ನಲ್ಲಿ ಕಂಚು ಪಡೆದ ಮುರಳಿ ಗಾವಿತ್ ಇಬ್ಬರೂ ಅಲ್ಲಿಯವರು.

ಅಯೋಡಿನ್‌ಯುಕ್ತ ಉಪ್ಪು ಮನೆಮನೆಗೆ ತಲುಪಿದ ಮೇಲೆ ಈ ಅಧ್ಯಾಯ ಮುಗಿಯಿತಲ್ಲ ಎಂಬ ಆಕ್ಷೇಪಕ್ಕೆ ಮುಕ್ಕಾಲು ಬೆಲೆ ಕೊಡಬೇಕು. ನಗರದ ಹೈಪೋಥೈರಾಯ್ಡಿಸಂಗೆ ಇಂದು ಮುಖ್ಯ ಕಾರಣ ಹಶಿಮೋಟೊ ಕಾಯಿಲೆ: ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ತಿರುಗಿ ಬೀಳುವುದು. ಉಳಿದ ಕಾಲು ಭಾಗ ಓಟಗಾರರಿಗೆ ಸಂಬಂಧಿಸಿದ್ದು. ಉಪವಾಸದ ದಿನಗಳಲ್ಲಿ ಗುಜರಾತಿ ಅಡುಗೆಮನೆಯಲ್ಲಿ ಪುಡಿ ಉಪ್ಪು ಪಕ್ಕಕ್ಕೆ ಸರಿದು ಸೈಂಧವ ಲವಣ ಬರುತ್ತದೆ. ಸಾಬೂದಾಣಿ ಖಿಚಡಿ, ಮೊರೈಯೋ (ಊದಲು), ಆಲೂಗಡ್ಡೆ ಎಲ್ಲಕ್ಕೂ ಅದೇ. ಅದರಲ್ಲಿ ಬೆರೆಸಿದ ಅಯೋಡಿನ್ ಇರುವುದಿಲ್ಲ. ನವರಾತ್ರಿಯ ಒಂಬತ್ತು ದಿನ ಹೀಗಾದರೆ ಏನೂ ಆಗುವುದಿಲ್ಲ. ಆರೋಗ್ಯಕ್ಕೆ ಒಳ್ಳೆಯದೆಂದು ವರ್ಷವಿಡೀ ಅದನ್ನೇ ಬಳಸುತ್ತ, ಮೀನು ಮೊಟ್ಟೆ ಮುಟ್ಟದೆ, ಹಾಲನ್ನೂ ಬಿಟ್ಟು, ಬೆವರಿನಲ್ಲಿ ಅಷ್ಟಿಷ್ಟು ಅಯೋಡಿನ್ ಕಳೆದುಕೊಳ್ಳುವ ಓಟಗಾರ್ತಿಯ ಲೆಕ್ಕ ಬೇರೆ. ಸಜ್ಜೆಯನ್ನೇ ಮುಖ್ಯ ಆಹಾರವಾಗಿ ತಿನ್ನುವ ಸುಡಾನಿನ ಪ್ರದೇಶಗಳಲ್ಲಿ ಸಜ್ಜೆಯೊಳಗಿನ ಕೆಲವು ಸಂಯುಕ್ತಗಳು ಥೈರಾಯ್ಡಿಗೆ ಅಡ್ಡಿಯಾಗುತ್ತವೆಂದು 1980ರ ದಶಕದ ಸಂಶೋಧನೆ ತೋರಿಸಿದೆ. ಅಯೋಡಿನ್ ಸಾಕಷ್ಟಿರುವವರು ಇದರಿಂದ ಸಜ್ಜೆಯ ರೊಟ್ಲೋ ಬಿಡಬೇಕಿಲ್ಲ. ಕೊರತೆಗಿಂತ ಅತಿಯೂ ಮೇಲಲ್ಲ: ಕಡಲಪಾಚಿಯ ಗುಳಿಗೆಗಳು ಒಮ್ಮೆಲೇ ತುಂಬುವ ಅಯೋಡಿನ್ ಗ್ರಂಥಿಯನ್ನು ಎರಡೂ ದಿಕ್ಕಿಗೆ ಕೆಡಿಸಬಲ್ಲದು.

ಇನ್ನು ಲೇಖನದ ಮುಖ್ಯ ವಾದಕ್ಕೆ ಬರೋಣ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಆನ್ ಲೌಕ್ಸ್ ಆರೋಗ್ಯವಂತ ಯುವತಿಯರಿಗೆ ವ್ಯಾಯಾಮ ಮಾಡಿಸಿ, ಊಟವನ್ನು ಅಳೆದು ಕೊಟ್ಟು, ರಕ್ತ ಪರೀಕ್ಷಿಸಿದರು. ವ್ಯಾಯಾಮಕ್ಕೆ ಹೋದದ್ದನ್ನು ಕಳೆದ ಮೇಲೆ ಉಳಿದ ಶಕ್ತಿ, ಕೊಬ್ಬು ಬಿಟ್ಟ ತೂಕದ ಪ್ರತಿ ಕಿಲೋಗೆ ದಿನಕ್ಕೆ 19 ಮತ್ತು 25 ಕಿಲೊಕ್ಯಾಲರಿಗಳ ನಡುವಣ ಒಂದು ಗೆರೆಗಿಂತ ಕೆಳಗಿಳಿದಾಗ ಟಿ3 ಕೆಲವೇ ದಿನಗಳಲ್ಲಿ ಕುಸಿಯಿತು. ಗಮನಿಸಬೇಕಾದ್ದು ಏನೆಂದರೆ, ಇದಕ್ಕೆ ಕಾರಣ ವ್ಯಾಯಾಮದ ಶ್ರಮವಲ್ಲ. ಅಷ್ಟೇ ವ್ಯಾಯಾಮ ಮಾಡಿ ಹೊಟ್ಟೆತುಂಬ ಉಂಡವರಲ್ಲಿ ಟಿ3 ಇಳಿಯಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಯ ವಿಶಾಲ ರೂಪಕ್ಕೆ ಕ್ರೀಡೆಯಲ್ಲಿನ ಸಾಪೇಕ್ಷ ಶಕ್ತಿ ಕೊರತೆ ಎಂದು ಹೆಸರಿಟ್ಟಿತು. ಗಂಡಸರಿಗೂ ಅದು ಅನ್ವಯಿಸುತ್ತದೆ. ಲೆಕ್ಕ ಹೀಗೆ: 50 ಕಿಲೋ ತೂಕದ ಓಟಗಾರ್ತಿಯಲ್ಲಿ ಕೊಬ್ಬು ಬಿಟ್ಟು 40 ಕಿಲೋ ಇದೆ ಎನ್ನೋಣ. 15 ಕಿಲೋಮೀಟರ್ ಓಟಕ್ಕೆ ಸುಮಾರು 750 ಕಿಲೊಕ್ಯಾಲರಿ ಹೋಗುತ್ತದೆ. ದೇಹದ ಉಳಿದ ಕೆಲಸಕ್ಕೆ ಕಿಲೋಗೆ 45ರಂತೆ 1,800 ಬೇಕು; ಒಟ್ಟು 2,550. ಎರಡು ಹೊತ್ತು ಫುಲ್ಕ, ದಾಳ್, ಶಾಕ್ ಎಂಬ ಪಲ್ಯ, ಮಧ್ಯೆ ಚಹಾ ಇಷ್ಟರಲ್ಲಿ 1,700 ದಾಟದಿದ್ದರೆ ಕಿಲೋಗೆ ಉಳಿಯುವುದು 24ಕ್ಕಿಂತ ಕಡಿಮೆ. ಲೌಕ್ಸ್ ಗುರುತಿಸಿದ ಗೆರೆಯ ಆಸುಪಾಸಿಗೆ ಇಳಿಯಲು ಉಪವಾಸವೇ ಬೇಕಿಲ್ಲ.

ಉಪವಾಸ ಸೇರಿದರೆ ಕಂದಕ ಆಳವಾಗುತ್ತದೆ. ಚಳಿಗಾಲದ ಮ್ಯಾರಥಾನ್‌ಗಳಿಗೆ ತಯಾರಿ ಬಿರುಸಾಗುವ ಹೊತ್ತಿಗೇ ಚಾತುರ್ಮಾಸ, ಜೈನರ ಪರ್ಯೂಷಣ, ನವರಾತ್ರಿ ಸಾಲಾಗಿ ಬರುತ್ತವೆ. ವಡೋದರದ ಮೈದಾನಗಳಲ್ಲಿ ಹಗಲು ಉಪವಾಸ, ರಾತ್ರಿ ಗರ್ಬಾ, ನಸುಕಿಗೆ ಓಟ ಎಂಬ ದಿನಚರಿಯಲ್ಲಿ ಗರ್ಬಾದ ಗಂಟೆಗಳನ್ನು ಯಾವ ತರಬೇತಿ ಡೈರಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೂರ್ಯಾಸ್ತದ ನಂತರ ಉಣ್ಣದ ಜೈನ ಕುಟುಂಬದ ಹುಡುಗ ಕಚೇರಿ ಬಿಟ್ಟು ಸಂಜೆ ಏಳಕ್ಕೆ ಓಡಿದರೆ, ಸ್ನಾಯುಗಳು ಹಸಿದಿರುವ ಹೊತ್ತಿನಲ್ಲಿ ತಟ್ಟೆ ಮುಚ್ಚಿರುತ್ತದೆ. ಧಾರ್ಮಿಕ ಆಚರಣೆಯನ್ನು ಕಾಯಿಲೆಯ ಕಾರಣವೆಂದು ದೂರುವುದು ಅನ್ಯಾಯವಲ್ಲವೇ ಎಂದು ಕೇಳಬಹುದು. ದೂರು ಆಚರಣೆಯ ಮೇಲಲ್ಲ, ಅದನ್ನು ಕೇಳದೆ ವರದಿ ಓದುವ ಪದ್ಧತಿಯ ಮೇಲೆ. ಓಟವನ್ನು ಬೆಳಗಿಗೆ ಸರಿಸುವುದು, ವ್ರತದ ವಾರಗಳಲ್ಲಿ ಕಿಲೋಮೀಟರ್ ಇಳಿಸುವುದು, ಕಡಲೆಕಾಯಿ, ಹಾಲು, ಖರ್ಜೂರ ಸೇರಿಸುವುದು ಎಲ್ಲ ಸಾಧ್ಯ. ಇಂಥವರ ವರದಿಗೆ ಒಂದು ಚಹರೆ ಇರುತ್ತದೆ: ಟಿ3 ಕೆಳಗೆ, ಟಿ4 ಸರಿಯಾಗಿ ಅಥವಾ ತುಸು ಕೆಳಗೆ, ಟಿಎಸ್‌ಎಚ್ ಏರದೆ ಸಾಮಾನ್ಯ ಮಟ್ಟದಲ್ಲೇ. ಗ್ರಂಥಿ ನಿಜಕ್ಕೂ ಸೋತಿದ್ದರೆ ಟಿಎಸ್‌ಎಚ್ ಮೇಲೇರಿ ಕೂಗುತ್ತಿತ್ತು. ಇಂಧನ ಸಾಲದ ದೇಹಕ್ಕೆ ಥೈರಾಯ್ಡ್ ಮಾತ್ರೆ ಕೊಡುವುದೆಂದರೆ ಸಂಬಳ ನಿಂತ ಮನೆಗೆ ಖರ್ಚು ಹೆಚ್ಚಿಸಲು ಹೇಳಿದಂತೆ; ಉಳಿಸಿಕೊಳ್ಳುವ ಉಪಾಯವನ್ನೇ ಕಿತ್ತುಕೊಂಡು ಸ್ನಾಯು ಮತ್ತು ಮೂಳೆಯನ್ನು ಕರಗಿಸುತ್ತದೆ.

ಬರೀ ಟಿಎಸ್‌ಎಚ್ ಒಂದನ್ನೇ ಮಾಡಿಸಿ ನಿರ್ಧರಿಸುವುದು ಓಟಗಾರರ ವಿಷಯದಲ್ಲಿ ಇದೇ ಕಾರಣಕ್ಕೆ ಸಾಲದು. ಕಠಿಣ ಅಭ್ಯಾಸದ ಮರುಗಳಿಗೆಯಲ್ಲಿ ಟಿಎಸ್‌ಎಚ್ ತಾತ್ಕಾಲಿಕವಾಗಿ ಏರಬಹುದು, ರಾತ್ರಿ ಮತ್ತು ನಸುಕಿನಲ್ಲಿ ಅದು ಸಹಜವಾಗಿಯೇ ಹೆಚ್ಚು. ವಿಶ್ರಾಂತಿಯ ಮರುದಿನ, ಪ್ರತಿಸಲ ಒಂದೇ ಹೊತ್ತಿಗೆ ರಕ್ತ ಕೊಡುವುದು ಒಳ್ಳೆಯದು. ಕೂದಲು ಉದುರದಿರಲೆಂದು ನುಂಗುವ ಬಯೋಟಿನ್ ಗುಳಿಗೆ ಕೆಲವು ಯಂತ್ರಗಳಲ್ಲಿ ಹಾರ್ಮೋನಿನ ಅಂಕಿಗಳನ್ನು ಸುಳ್ಳಾಗಿಸುತ್ತದೆ. ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಸಿಕೆ ಎಂಬ ಸ್ನಾಯು ಕಿಣ್ವ ಹೈಪೋಥೈರಾಯ್ಡಿಸಂನಲ್ಲೂ ಏರುತ್ತದೆ, ದೂರದ ಓಟದ ನಂತರವೂ ಏರುತ್ತದೆ. ಹಿಮೊಗ್ಲೋಬಿನ್, ಫೆರಿಟಿನ್, ಬಿ12 ನೋಡದೆ ಸಸ್ಯಾಹಾರಿ ಓಟಗಾರರ ದಣಿವಿಗೆ ಹೆಸರಿಡಬಾರದು. ಕಬ್ಬಿಣಕ್ಕೆ ಇಲ್ಲಿ ಎರಡು ಪಾತ್ರ: ರಕ್ತದಲ್ಲಿ ಆಮ್ಲಜನಕ ಹೊರುವುದು, ಜೊತೆಗೆ ಥೈರಾಯ್ಡ್ ಹಾರ್ಮೋನು ತಯಾರಿಸುವ ಪೆರಾಕ್ಸಿಡೇಸ್ ಎಂಬ ಕಿಣ್ವದ ಭಾಗವಾಗಿರುವುದು. ಆ ಕಿಣ್ವದ ವಿರುದ್ಧದ ಪ್ರತಿಕಾಯ ಎಂಟು ನಗರಗಳ ಸಮೀಕ್ಷೆಯಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇತ್ತು. ಮುಂದೆ ಗ್ರಂಥಿ ಸೋಲಬಹುದೆಂಬ ಸೂಚನೆ ಅದು, ಇಂದೇ ಮಾತ್ರೆ ಶುರುಮಾಡಲು ಕಾರಣವಲ್ಲ.

ಟಿಎಸ್‌ಎಚ್ ಮರುಪರೀಕ್ಷೆಯಲ್ಲೂ ಸ್ಪಷ್ಟವಾಗಿ ಏರಿದ್ದು ಟಿ4 ಇಳಿದಿದ್ದರೆ ಹಿಂಜರಿಯುವುದು ತಪ್ಪು. ಓಡಿ ಓಡಿಯೇ ಸರಿಮಾಡುತ್ತೇನೆ, ಆಹಾರದಿಂದಲೇ ಗುಣವಾಗುತ್ತದೆ ಎಂಬ ಹಟದಲ್ಲಿ ಒಂದು ಋತು ಕಳೆಯಬಹುದು, ಗ್ರಂಥಿ ಮರಳುವುದಿಲ್ಲ. ಔಷಧ ಲಿವೊಥೈರಾಕ್ಸಿನ್: ಎಲ್ಟ್ರಾಕ್ಸಿನ್, ಥೈರೊನಾರ್ಮ್ ಎಂಬ ಹೆಸರುಗಳಲ್ಲಿ ಸಿಗುವ, ಮೈಕ್ರೊಗ್ರಾಂ ಲೆಕ್ಕದ ಚಿಕ್ಕ ಮಾತ್ರೆ. ಗ್ರಂಥಿ ಪೂರ್ತಿ ನಿಂತಿದ್ದರೆ ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೊಗ್ರಾಂ. ರಕ್ತದಲ್ಲಿ ಅದರ ಅರ್ಧಾಯು ಒಂದು ವಾರ, ಹೀಗಾಗಿ ಪ್ರಮಾಣ ಬದಲಿಸಿದ ಮೇಲೆ 6ರಿಂದ 8 ವಾರ ಕಾದು ಪರೀಕ್ಷೆ. ಸ್ಪರ್ಧೆಗೆ ಹತ್ತು ದಿನವಿರುವಾಗ ಹೆಚ್ಚಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ನಿಜವಾದ ತೊಡಕು ಗಡಿಯಾರದ್ದು. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಅರ್ಧದಿಂದ ಒಂದು ಗಂಟೆ ಏನೂ ತಿನ್ನಬಾರದು. ಓಟಕ್ಕೆ ಐದು ಗಂಟೆಗೆ ಹೊರಡುವವರು ಅದಕ್ಕೂ ಮೊದಲು ಹಾಲು ಹಾಕಿದ ಚಹಾ, ಒಂದು ಬಾಳೆಹಣ್ಣು ಬಯಸುತ್ತಾರೆ. ಮಾತ್ರೆ ನುಂಗಿ ಓಡಿ ಬಂದು ತಿನ್ನುವುದು ಒಂದು ದಾರಿ. ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಮಲಗುವಾಗ ನುಂಗುವುದು ಇನ್ನೊಂದು; 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ ಆಗಲೇ ದೇಹ ಮಾತ್ರೆಯನ್ನು ಹೆಚ್ಚು ಚೆನ್ನಾಗಿ ಹೀರಿಕೊಂಡಿತು. ಸಂಜೆಯೇ ಊಟ ಮುಗಿಸುವ ಮನೆಗಳಿಗೆ ಇದು ಸಲೀಸು, ರಂಜಾನ್ ತಿಂಗಳಲ್ಲೂ ಅನುಕೂಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನು ನಾಲ್ಕು ಗಂಟೆ ದೂರವಿಡಬೇಕು. ಶಾಖ, ಬೆಳಕು, ತೇವ ಮೂರಕ್ಕೂ ಈ ಔಷಧ ಹಾಳಾಗುತ್ತದೆ: 2016ರ ಮೇ ತಿಂಗಳಲ್ಲಿ 48 ಡಿಗ್ರಿ ಕಂಡ ಅಹಮದಾಬಾದಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟ ಡಬ್ಬಿಯ ಮೇಲೆ ಭರವಸೆ ಇಡಲಾಗದು.

ಟಿಎಸ್‌ಎಚ್ ತುಸು ಮಾತ್ರ ಏರಿ, ಟಿ4 ಸರಿಯಿರುವ ನಡುವಣ ಸ್ಥಿತಿಯಲ್ಲೇ ವಾದ ಬಿಸಿಯಾಗುವುದು. ಸಾಮಾನ್ಯ ಮಿತಿ ಎಂಬುದು ಕುರ್ಚಿಯಲ್ಲಿ ಕೂತವರಿಗೆ, ಓಟಗಾರರಿಗೆ ಟಿಎಸ್‌ಎಚ್ ಇನ್ನೂ ಕೆಳಗಿರಬೇಕು ಎನ್ನುವ ತರಬೇತುದಾರರಿದ್ದಾರೆ. ಹಾಗೆ ಬೇರೆ ಮಿತಿ ಇರಬೇಕೆನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಇಂಥ ವಯಸ್ಕರಿಗೆ ಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ, ದಣಿವಾಗಲಿ ಜೀವನದ ಗುಣಮಟ್ಟವಾಗಲಿ ಸುಧಾರಿಸದೆಂದು ಹೇಳಿ ಔಷಧಕ್ಕೆ ವಿರುದ್ಧವಾಗಿ ಶಿಫಾರಸು ಮಾಡಿತು. ಗರ್ಭಧಾರಣೆಗೆ ಯತ್ನಿಸುತ್ತಿರುವವರು, ಟಿಎಸ್‌ಎಚ್ 20 ದಾಟಿದವರು ಅದಕ್ಕೆ ಹೊರತು; ಲಕ್ಷಣಗಳು ತೀವ್ರವಾಗಿರುವವರಿಗೆ ಮತ್ತು ಯುವ ವಯಸ್ಕರಿಗೆ ಅದು ಅನ್ವಯಿಸದಿರಬಹುದು. ಆ ಪ್ರಯೋಗಗಳಲ್ಲಿದ್ದವರು ಹೆಚ್ಚಾಗಿ ವಯಸ್ಸಾದವರು, ಅವರಲ್ಲಿ ಮ್ಯಾರಥಾನ್ ಓಡುವವರು ಯಾರಿದ್ದರು ಎಂಬ ಪ್ರತಿವಾದ ನ್ಯಾಯವಾದದ್ದೇ. ಆದರೆ ಅತಿಯಾದ ಮಾತ್ರೆಯ ಹಾನಿಗಳು ಗೊತ್ತಿರುವಂಥವು, ಮತ್ತು ಅವು ಓಟಗಾರರ ದುರ್ಬಲ ತಾಣಗಳಿಗೇ ತಗಲುತ್ತವೆ. ಹೃದಯದ ಏಟ್ರಿಯಲ್ ಫಿಬ್ರಿಲೇಶನ್ ಎಂಬ ತಾಳತಪ್ಪು ವರ್ಷಗಟ್ಟಲೆ ದೂರ ಓಡಿದ ಗಂಡಸರಲ್ಲಿ ಮೊದಲೇ ಹೆಚ್ಚು. ಮುಟ್ಟು ನಿಂತ ಓಟಗಾರ್ತಿಯ ಮೂಳೆ ಮೊದಲೇ ತೆಳು. ಎರಡು ಮೂರು ತಿಂಗಳು ಊಟ ಮತ್ತು ನಿದ್ರೆ ಸರಿಪಡಿಸಿ ಮತ್ತೆ ಪರೀಕ್ಷಿಸುವುದರಿಂದ ಕಳೆದುಕೊಳ್ಳುವುದು ಕಡಿಮೆ.

ನಿಷೇಧಿತವಲ್ಲದ ಮೇಲೆ ತೆಗೆದುಕೊಂಡರೇನು ಎಂಬ ಮಾತೂ ಮೈದಾನದಲ್ಲಿ ಕೇಳುತ್ತದೆ. ನಿಜ, ವಿಶ್ವ ಉದ್ದೀಪನ ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿ ಲಿವೊಥೈರಾಕ್ಸಿನ್ ಇಲ್ಲ. ಕಾಯಿಲೆಯಿರುವವರು ವಿಶೇಷ ಅನುಮತಿ ಪಡೆಯಬೇಕಿಲ್ಲ. ಅಮೆರಿಕದ ಓಟಗಾರರಲ್ಲಿ ಇದರ ಬಳಕೆ 2013ರಲ್ಲಿ ಸುದ್ದಿಯಾದ ಮೇಲೆ ಅಮೆರಿಕ ಮತ್ತು ಬ್ರಿಟನ್ನಿನ ಸಂಸ್ಥೆಗಳು ಅದನ್ನು ಪಟ್ಟಿಗೆ ಸೇರಿಸಲು ಒತ್ತಾಯಿಸಿದವು, ವಾಡಾ ಒಪ್ಪಲಿಲ್ಲ. ಆಗ ಹೆಸರು ಕೇಳಿಬಂದ ತರಬೇತುದಾರ ಆಲ್ಬರ್ಟೊ ಸಲಾಜಾರ್ ಮತ್ತು ವೈದ್ಯ ಜೆಫ್ರಿ ಬ್ರೌನ್ ಅವರಿಗೆ 2019ರಲ್ಲಿ ನಾಲ್ಕು ವರ್ಷಗಳ ನಿಷೇಧ ಬಿದ್ದದ್ದು ಟೆಸ್ಟೊಸ್ಟೆರೋನ್ ಮತ್ತು ಎಲ್-ಕಾರ್ನಿಟೈನ್‌ಗೆ ಸಂಬಂಧಿಸಿದ ಉಲ್ಲಂಘನೆಗಳಿಗೆ. ಪಟ್ಟಿಯಲ್ಲಿಲ್ಲ ಎಂಬುದು ಸುರಕ್ಷಿತ ಎಂಬ ಮುದ್ರೆಯಲ್ಲ. ಗ್ರಂಥಿ ಸರಿಯಿರುವವರಲ್ಲಿ ಈ ಮಾತ್ರೆ ಓಟವನ್ನು ಚುರುಕಾಗಿಸುತ್ತದೆಂದು ಯಾರೂ ತೋರಿಸಿಲ್ಲ; ತೂಕ ಇಳಿಯುತ್ತದೆ ನಿಜ, ಇಳಿಯುವುದರಲ್ಲಿ ಸ್ನಾಯುವೂ ಸೇರಿರುತ್ತದೆ. ತೂಕ ಇಳಿಸುವ ಹೆಸರಿಲ್ಲದ ಪುಡಿಗಳಲ್ಲಿ ಏನಿದೆಯೆಂದು ಡಬ್ಬಿಯ ಮೇಲೆ ಬರೆದಿರುವುದನ್ನು ನಂಬಲಾಗದು, ನಿಷೇಧಿತ ವಸ್ತು ಸಿಕ್ಕರೆ ಹೊಣೆ ಕ್ರೀಡಾಪಟುವಿನದೇ.

ಅತಿರೇಕದ ಕಡೆಯ ಕಾಯಿಲೆ ಕಡಿಮೆ ಜನರಿಗೆ ಬಂದರೂ ಈ ನಗರಗಳ ಬಿಸಿಲಿನಲ್ಲಿ ಹೆಚ್ಚು ಅಪಾಯಕಾರಿ. 2010ರ ಮೇ ತಿಂಗಳ ಬಿಸಿಗಾಳಿಯ ಸಾವುಗಳನ್ನು ಕಂಡು ಅಹಮದಾಬಾದ್ ಮಹಾನಗರಪಾಲಿಕೆ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕಾರ್ಯಯೋಜನೆ ಜಾರಿಗೆ ತಂದಿತು. ಅತಿರೇಕಕ್ಕೆ ಮುಖ್ಯ ಕಾರಣವಾದ ಗ್ರೇವ್ಸ್ ಕಾಯಿಲೆಯವರು ಒಳಗಿನಿಂದಲೇ ಹೆಚ್ಚು ಶಾಖ ಹುಟ್ಟಿಸುತ್ತಾರೆ. ಕೂತಲ್ಲೇ ನಾಡಿ ನೂರು ದಾಟಿರುತ್ತದೆ, ತೊಡೆ ಮತ್ತು ಭುಜದ ಸ್ನಾಯು ಸೊರಗಿರುತ್ತವೆ. ತೂಕ ಇಳಿದದ್ದನ್ನು ತಂಡದವರು ಫಾರ್ಮ್ ಬಂದಿದೆ ಎಂದು ಹೊಗಳುವುದೂ ಉಂಟು. ಗಂಡಸರಲ್ಲಿ, ಅದರಲ್ಲೂ ಏಷ್ಯಾದವರಲ್ಲಿ, ಇನ್ನೊಂದು ರೂಪವಿದೆ: ಕಠಿಣ ಓಟ ಮುಗಿಸಿ, ಅನ್ನ ಮತ್ತು ಸಿಹಿ ಹೊಟ್ಟೆತುಂಬ ಉಂಡು ಮಲಗಿದವನಿಗೆ ಬೆಳಗ್ಗೆ ಕಾಲು ಎತ್ತಲಾಗುವುದಿಲ್ಲ, ರಕ್ತದ ಪೊಟ್ಯಾಸಿಯಂ ಕುಸಿದಿರುತ್ತದೆ. ಸ್ನಾಯು ಸೆಳೆತವೆಂದು ಎಣ್ಣೆ ತಿಕ್ಕದೆ ತುರ್ತು ಚಿಕಿತ್ಸೆಗೆ ಒಯ್ಯಬೇಕು. ಶಕ್ತಿಗೆಂದು ಓಟಗಾರರು ಬಳಸುವ ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಅದರಿಂದ ಅತಿರೇಕವಾದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿವೆ. ಥೈರಾಯ್ಡ್ ಮಾತ್ರೆ ನುಂಗುತ್ತಿರುವವರು ಅಶ್ವಗಂಧ ಬಳಸುವುದನ್ನು ವೈದ್ಯರಿಗೆ ಹೇಳಲೇಬೇಕು.

ಗ್ರೇವ್ಸ್‌ಗೆ ಆಯ್ಕೆಗಳು ಮೂರು. ಭಾರತದಲ್ಲಿ ರೂಢಿಯಲ್ಲಿರುವ ಕಾರ್ಬಿಮಜೋಲ್ ಗುಳಿಗೆಯನ್ನು ಸಾಮಾನ್ಯವಾಗಿ 12ರಿಂದ 18 ತಿಂಗಳು ಕೊಡುತ್ತಾರೆ. ನಿಲ್ಲಿಸಿದ ಮೇಲೆ ಸುಮಾರು ಅರ್ಧದಷ್ಟು ಮಂದಿಗೆ ಮರುಕಳಿಸುತ್ತದೆ. ಜ್ವರ, ಗಂಟಲು ನೋವು ಬಂದರೆ ಗುಳಿಗೆ ನಿಲ್ಲಿಸಿ ಅದೇ ದಿನ ಬಿಳಿ ರಕ್ತಕಣ ಎಣಿಸಬೇಕು, ಅಪರೂಪಕ್ಕೆ ಅವು ಬತ್ತಿಹೋಗುತ್ತವೆ. ಎದೆಬಡಿತ ತಗ್ಗಿಸುವ ಪ್ರೊಪ್ರನಲಾಲ್ ಬಿಲ್ಲುಗಾರಿಕೆ, ಶೂಟಿಂಗ್‌ಗಳಲ್ಲಿ ನಿಷೇಧಿತ, ಓಟದಲ್ಲಿ ಅಲ್ಲ. ವಿಕಿರಣಶೀಲ ಅಯೋಡಿನ್ ಮತ್ತು ಶಸ್ತ್ರಚಿಕಿತ್ಸೆ ಶಾಶ್ವತ ಪರಿಹಾರಗಳಾದರೂ ಅವುಗಳ ನಂತರ ಬಹುತೇಕರು ಜೀವನವಿಡೀ ಲಿವೊಥೈರಾಕ್ಸಿನ್ ನುಂಗಬೇಕು. ವಿಕಿರಣ ಪಡೆದ ಹೆಂಗಸರು ಆರು ತಿಂಗಳು ಗರ್ಭ ಧರಿಸಬಾರದು.  ಕಾಯಿಲೆಯಿದ್ದೂ ಓಡಬಹುದು ಎನ್ನುವವರು ಅಮೆರಿಕದ ಓಟಗಾರ್ತಿ ಗೇಲ್ ಡೆವರ್ಸ್ ಅವರನ್ನು ಹೆಸರಿಸುತ್ತಾರೆ. ಅವರ ದಿನಾಂಕಗಳು ಬೇರೆ ಕಥೆ ಹೇಳುತ್ತವೆ. 1988ರ ಸೋಲ್ ಒಲಿಂಪಿಕ್ಸ್ ಹೊತ್ತಿಗೆ ಅವರ ಓಟ ಕುಸಿದಿತ್ತು. ಗ್ರೇವ್ಸ್ ಎಂದು ಗೊತ್ತಾಗಿದ್ದು 1990ರಲ್ಲಿ. ವಿಕಿರಣ ಚಿಕಿತ್ಸೆಯ ನಂತರ ಪಾದಗಳು ಊದಿ ರಕ್ತ ಒಸರಿ, 1991ರ ಆರಂಭದಲ್ಲಿ ಕತ್ತರಿಸುವ ಮಾತೂ ಬಂತು. ಔಷಧ ಸರಿದೂಗಿದ ಮೇಲೆ ಅದೇ ವರ್ಷ ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್‌ನ ಹರ್ಡಲ್ಸ್‌ನಲ್ಲಿ ಬೆಳ್ಳಿ, 1992ರ ಬಾರ್ಸಿಲೋನಾದಲ್ಲಿ 100 ಮೀಟರ್ ಚಿನ್ನ, 1996ರ ಅಟ್ಲಾಂಟಾದಲ್ಲಿ ಮತ್ತೆ ಅದೇ ಚಿನ್ನ. ಕಾಯಿಲೆ ಹತೋಟಿಗೆ ಬರುವ ಮುನ್ನ ಹೋದದ್ದು ಎರಡೂವರೆ ವರ್ಷ, ಬಂದ ಮೇಲೆ ಮರಳಲು ಹಿಡಿದದ್ದು ಕೆಲವೇ ತಿಂಗಳು.